ಫ್ರಾನ್ಸಿನ ಹಳ್ಳಿಮನೆ, ದುರ್ಗದ ಪಡಸಾಲೆ

ಕಟ್ಟಿದ ಮನೆ ಕೆಡವಿಸಿದವರನ್ನು ನೋಡಿದ್ದೇನೆ, ಕೆಡವಿದ್ದನ್ನು ಮತ್ತೆ ಕಟ್ಟಿಸಿದವರನ್ನೂ ನೋಡಿದ್ದೇನೆ. ಆದರೆ ಗಟ್ಟಿಯಾಗಿ ಕೂತ ಹೊಸ ಸಿಮೆಂಟ್ ಗಿಲಾವನ್ನು ಕೆತ್ತಿಹಾಕಿ, ಒಳಗಿನ ಹಳೇ ಕಲ್ಲು ಕಾಣೋ ಹಾಗೆ ಮಾಡಿಕೊಡಿ ಎಂದು ನನ್ನನ್ನು ಕೇಳಿದವರು ಒಬ್ಬರೇ. ಗಣಿ ಇಂಜಿನಿಯರ್ ಸಾಹೇಬರ ಹೆಂಡತಿ.

ಎಪ್ಪತ್ತರ ದಶಕದ ನಡುವಿನ ಮಾತು. ದೊಡ್ಡ ಕಂಟ್ರಾಕ್ಟರರೊಬ್ಬರ ಕೈಕೆಳಗೆ ಬಹಳ ಕಾಲ ಬಡಗಿ ಕೆಲಸವನ್ನೂ ಗಾರೆ ಕೆಲಸವನ್ನೂ ಮಾಡಿದ್ದ ನಾನು, ಆ ವರ್ಷವಷ್ಟೇ ಚಿತ್ರದುರ್ಗದಲ್ಲಿ ಸ್ವಂತಕ್ಕೆ ಕೆಲಸ ಹಿಡಿಯಲು ಶುರುಮಾಡಿದ್ದೆ. ಬಾಗಿಲು, ಕಿಟಕಿ, ಗಾರೆ, ಸುಣ್ಣ, ಹೆಂಚು ಕೈಯಾಡಿಸುವುದು, ಏನು ಬಂದರೂ ಒಪ್ಪಿಕೊಳ್ಳುವುದೆಂದು ತೀರ್ಮಾನಿಸಿದ್ದೆ. ಒಪ್ಪಿಕೊಳ್ಳುವುದಕ್ಕೆ ಏನೂ ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಹಾಗಿರುವಾಗ ಆ ಮನೆಯಿಂದ ಕರೆ ಬಂತು.

ಮನೆ ಇದ್ದದ್ದು ಕೋಟೆಯ ಕೆಳಗಿನ ಹಳೇ ಬೀದಿಯೊಂದರಲ್ಲಿ. ಎಣ್ಣೆ ಮಿಲ್ಲಿನ ಸಾಹುಕಾರರು ಅದನ್ನು ಕೊಂಡು ಹೊಸದು ಮಾಡಿಸಿದ್ದರು. ಹಳೇ ಕಲ್ಲುಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಗಿಣಿಹಸಿರು ಡಿಸ್ಟೆಂಪರ್ ಹೊಡೆಸಿದ್ದರು. ಕರಿಹಿಡಿದ ತೊಲೆಗಳು ಕಣ್ಣಿಗೆ ಬೀಳದ ಹಾಗೆ ಕೆಳಗೆ ಹಾರ್ಡ್‌ಬೋರ್ಡ್ ಬಡಿಸಿದ್ದರು. ಪಡಸಾಲೆಯ ಕಂಬಗಳಿಗೆ ಕಾಫಿ ಬಣ್ಣದ ಎನಾಮಲ್ ಎಷ್ಟು ದಪ್ಪ ಬಳಿಸಿದ್ದರೆಂದರೆ, ಅದರಲ್ಲಿ ಮುಖ ನೋಡಿಕೊಂಡು ಕ್ರಾಪು ತೆಗೆಯಬಹುದಿತ್ತು. ಇಷ್ಟೆಲ್ಲ ಮಾಡಿಸಿದ ಮೇಲೆ ಇಂಥ ಮನೆಯಲ್ಲಿ ತಾವು ಇದ್ದರೆ ಹಾಳಾಗುತ್ತದೆ ಎಂದು ಯೋಚಿಸಿ, ಸಾಹುಕಾರರು ಮಿಲ್ಲಿನ ಹಿಂದಿನ ಹಿಂಡಿ ವಾಸನೆಯ ಮನೆಯಲ್ಲೇ ಉಳಿದರು. ಇದನ್ನು ಇಂಜಿನಿಯರ್ ಸಾಹೇಬರಿಗೆ ಬಾಡಿಗೆಗೆ ಕೊಟ್ಟರು. ಶುಭಕಾರ್ಯ ಏನಾದರೂ ಬಂದರೆ ಮಾತ್ರ ಪಡಸಾಲೆಯನ್ನು ಒಂದು ದಿನ ಬಿಟ್ಟುಕೊಡಬೇಕು ಎಂಬುದೊಂದೇ ಕರಾರು.

ಇಂಜಿನಿಯರ್ ಸಾಹೇಬರು ತರಬೇತಿಗೆಂದು ಫ್ರಾನ್ಸ್ ದೇಶಕ್ಕೆ ಹೋಗಿ, ಹೆಂಡತಿಯ ಜೊತೆ ಎರಡು ವರ್ಷ ಅಲ್ಲಿನ ಒಂದು ಹಳ್ಳಿಯಲ್ಲಿದ್ದು ಬಂದವರು. ನಾನು ಹೋದಾಗ ಅಮ್ಮಾವರು ಒಂದು ಸಣ್ಣ ಫೋಟೋ ಕೈಗೆ ಕೊಟ್ಟರು. ಕಲ್ಲಿನ ಗೋಡೆ, ಮೇಲೆ ಒರಟು ತೊಲೆಗಳು, ತೊಲೆಗೆ ಕಟ್ಟಿದ ಈರುಳ್ಳಿ ಜಡೆ, ಒಣಗಿದ ಸೊಪ್ಪಿನ ಕಂತೆ, ಕೆಳಗೊಂದು ದಪ್ಪ ಹಲಗೆಯ ಮೇಜು, ಹುಲ್ಲು ಹೆಣೆದ ಕುರ್ಚಿಗಳು. ಮೇಜಿನ ಪಕ್ಕ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಮುದುಕಿ.

ನಾನು ತಿರುಗಿಸಿ ಮುರುಗಿಸಿ ನೋಡಿದೆ. ನಮ್ಮ ತಾತನ ಕಾಲದ ಕೊಟ್ಟಿಗೆ ಹೆಚ್ಚುಕಡಿಮೆ ಹೀಗೇ ಇತ್ತು. ಇದು ಯಾರ ಮನೆ ಎಂದು ಕೇಳಿದೆ.

ತಾವು ಬಾಡಿಗೆಗಿದ್ದ ಮನೆ, ಆ ಮುದುಕಿ ಅದರ ಯಜಮಾನಿ ಎಂದರು ಅಮ್ಮಾವರು. ಸಾಹೇಬರು ಬೆಳಿಗ್ಗೆ ಗಣಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಇವರಿಗೆ ಅಲ್ಲಿನ ಮಾತು ಒಂದಕ್ಷರ ಬಾರದು. ಮುದುಕಿ ಮೊದಲ ದಿನವೇ ಕೈಹಿಡಿದು ಕರೆದು ಆ ಮೇಜಿನ ಮುಂದೆ ಕೂರಿಸಿ, ಬಿಡಿಸು ಎಂದು ಅವರೆಕಾಯಿಯಂಥ ಯಾವುದೋ ಕಾಯಿ ಸುರಿದಳಂತೆ. ಆಮೇಲೆ ಎರಡು ವರ್ಷ ಇಬ್ಬರೂ ಕೈಸನ್ನೆಯಲ್ಲೇ ಸಂಸಾರದ ಕಷ್ಟಸುಖ ಮಾತಾಡಿಕೊಂಡರಂತೆ.

"ಅಲ್ಲಿ ನನಗೆ ಒಂದು ದಿನವೂ ಪರದೇಶ ಅನ್ನಿಸಲಿಲ್ಲ ಮೇಸ್ತ್ರಿ," ಅಂದರು. "ಇಲ್ಲಿ ನಮ್ಮದೇ ನಾಡು. ಆದರೆ ಈ ಹಸಿರು ಗೋಡೆ ನೋಡ್ತಾ ಕೂತರೆ, ಯಾರನ್ನೋ ಆಸ್ಪತ್ರೆಗೆ ಸೇರಿಸಿ ಹೊರಗೆ ಕಾಯ್ತಾ ಇರೋ ಹಾಗೆ ಆಗುತ್ತೆ."

ಸಾಹುಕಾರರು ಒಪ್ಪಿದ್ದಾರಾ ಎಂದು ಕೇಳಿದೆ. ಬೀಗದ ಕೈ ಕೊಡುವಾಗ ಸಾಹುಕಾರರು "ಮನೆ ನಿಮ್ಮದೇ ಅಂತ ತಿಳ್ಕಳ್ರಿ" ಅಂದಿದ್ದರಂತೆ. ಅಮ್ಮಾವರು ಮೈಸೂರು ಕಡೆಯವರು, ಸಾಲದ್ದಕ್ಕೆ ಹೊರದೇಶದಲ್ಲಿದ್ದು ಬಂದವರು. ಆ ಮಾತನ್ನು ಇದ್ದಂತೆಯೇ ತೆಗೆದುಕೊಂಡಿದ್ದರು. ನಮ್ಮ ಕಡೆ ಆ ಮಾತಿಗೆ ಏನು ಬೆಲೆ ಎಂದು ನನಗೆ ಗೊತ್ತಿತ್ತು. ಆದರೆ ಸಾಹುಕಾರರು ಹೆಂಡತಿಯನ್ನು ಕರೆದುಕೊಂಡು ಕಾಶಿ ಯಾತ್ರೆಗೆ ಹೊರಟು ಆಗಿತ್ತು, ಬರುವುದು ಎರಡು ತಿಂಗಳಾಗುತ್ತದೆ ಎಂದು ಮಿಲ್ಲಿನವರು ಹೇಳುತ್ತಿದ್ದರು. ನನ್ನ ಉಳಿ ಸುತ್ತಿಗೆಗಳು ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದವು. ಕೆಲಸ ಒಪ್ಪಿಕೊಂಡೆ.

ಮೊದಲು ಪಡಸಾಲೆಯ ಗೋಡೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ, ಟೊಳ್ಳು ಸದ್ದು ಬಂದ ಕಡೆ ಗಿಲಾವು ಕಲ್ಲು ಬಿಟ್ಟಿದೆ ಎಂದರ್ಥ. ಅಲ್ಲಿ ಉಳಿ ಇಟ್ಟು ಮೀಟಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಗಟ್ಟಿ ಸದ್ದಿನ ಕಡೆ ಮಾತ್ರ ಇಂಚಿಂಚೂ ಕೆತ್ತಬೇಕು. ಗೋಡೆ ಕಟ್ಟಿದ್ದು ಮಣ್ಣಿನಲ್ಲಾದ್ದರಿಂದ ಜೋರಾಗಿ ಹೊಡೆದರೆ ಗಿಲಾವಿನ ಜೊತೆ ಕಲ್ಲೇ ಕೈಗೆ ಬರುತ್ತಿತ್ತು. ಗಿಲಾವು ತೆಗೆದ ಕಡೆ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸಂದಿನ ಸಡಿಲ ಮಣ್ಣು ಕೆದಕಿ, ಸುಣ್ಣದ ಗಾರೆ ತುಂಬಬೇಕು. ಇದಕ್ಕೆ ಸಿಮೆಂಟ್ ಬೇಡ, ಹಳೇ ಪದ್ಧತಿಯ ಗಾರೆಯೇ ಬೇಕು ಎಂದು ಅಮ್ಮಾವರು ಹಟ ಹಿಡಿದರು.

ಹಳೇ ಗಾರೆಯವನೊಬ್ಬನನ್ನು ಹಿರಿಯೂರಿನಿಂದ ಹುಡುಕಿ ತಂದೆ. ಅವನು ಸುಣ್ಣ ಕೊಳೆಹಾಕಿ, ಮರಳು ಬೆರೆಸಿ ಅರೆದು, ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲದ ನೀರು ಹಾಕಿ ಗಾರೆ ಕೂಡಿಸಿದ. ಸಿಮೆಂಟ್ ಬಂದಾಗಿನಿಂದ ಅವನನ್ನು ಯಾರೂ ಕರೆದಿರಲಿಲ್ಲವಂತೆ. ಆ ಖುಷಿಗೋ ಏನೋ, ಬೆಲ್ಲದ ವಿಷಯದಲ್ಲಿ ಧಾರಾಳಿಯಾಗಿಬಿಟ್ಟ. ಮೂರನೆಯ ದಿನ ಗೋಡೆ ಕಪ್ಪಗೆ ಕಂಡಿತು. ಹತ್ತಿರ ಹೋಗಿ ನೋಡಿದರೆ ಗೋಡೆ ಹರಿದಾಡುತ್ತಿತ್ತು. ದುರ್ಗದ ಇರುವೆಯೆಲ್ಲ ಬಂದು ಸಂದುಸಂದಿನಲ್ಲಿ ಕುಳಿತು ಹಬ್ಬ ಮಾಡುತ್ತಿದ್ದವು. ಅರಿಶಿನ ಹಾಕಿದೆವು, ಸೀಮೆಎಣ್ಣೆ ಸವರಿದೆವು. ಕಡೆಗೆ ಗಾರೆ ಪೂರಾ ಒಣಗಿದ ಮೇಲೆ ಇರುವೆಗಳಿಗೇ ಬೇಸರವಾಗಿ ಹೊರಟವು. ಹಳಬ ಮಾತ್ರ ಅದು ಗಾರೆ ಚೆನ್ನಾಗಿರುವ ಗುರುತು ಎಂದು ಸಾಧಿಸಿದ.

ಎದುರಿನ ಗೋಡೆಯ ಗಿಲಾವು ಕಿತ್ತಾಗ ಒಳಗೆ ಕಲ್ಲೇ ಇರಲಿಲ್ಲ, ಬರೀ ಹಸಿ ಇಟ್ಟಿಗೆ. ಕೆಲಸ ಕೆಟ್ಟಿತು ಎಂದುಕೊಂಡೆ. ಅಮ್ಮಾವರು ಕುಣಿದಾಡುವುದೊಂದು ಬಾಕಿ. ಮುದುಕಿಯ ಮನೆಯಲ್ಲೂ ಒಂದು ಗೋಡೆ ಮಣ್ಣಿನದೇ ಅಂತೆ. ಕೆಮ್ಮಣ್ಣಿಗೆ ಸಗಣಿ, ಕತ್ತರಿಸಿದ ಹುಲ್ಲು ಕಲಸಿ ಮೆತ್ತಿಸಿ, ಮೇಲೆ ಸುಣ್ಣ ಬಳಿಸಿದೆ. ಕರಣೆಯಿಂದ ನಯಮಾಡಲು ಹೋದರೆ ಅಮ್ಮಾವರು ತಡೆದರು. ಅಂಗೈ ಗುರುತು ಹಾಗೇ ಇರಬೇಕಂತೆ. ಇಷ್ಟು ವರ್ಷ ಗೋಡೆಯ ಮೇಲೆ ಗುರುತು ಬಿಟ್ಟದ್ದಕ್ಕೆ ಬೈಸಿಕೊಂಡವನು ನಾನು. ಬೇಕೆಂದೇ ಗುರುತು ಬಿಡುವುದು ಎಷ್ಟು ಕಷ್ಟ ಎಂದು ಅಂದು ತಿಳಿಯಿತು. ಕೈ ತಾನಾಗಿ ನಯಮಾಡಲು ಹೋಗುತ್ತಿತ್ತು.

ಹಾರ್ಡ್‌ಬೋರ್ಡ್ ಇಳಿಸಿದಾಗ ತೊಲೆಗಳ ಜೊತೆ ಇಲಿಗೂಡು, ಗುಬ್ಬಿಗೂಡು, ಯಾವ ಕಾಲದ್ದೋ ಒಂದು ಎಕ್ಕಡ ತಲೆಯ ಮೇಲೆ ಬಿದ್ದವು. ತೊಲೆಗಳಿಗೆ ಅಗಸೆ ಎಣ್ಣೆ ಹಚ್ಚಿದ್ದಷ್ಟೇ ಕೆಲಸ. ಕಂಬಗಳ ಎನಾಮಲ್ ಮಾತ್ರ ಪ್ರಾಣ ತಿಂದಿತು. ಕಾಸ್ಟಿಕ್ ಸೋಡಾ ಹಚ್ಚಿ, ಬಣ್ಣ ಉಬ್ಬಿದ ಮೇಲೆ ಗಾಜಿನ ಚೂರಿನಿಂದ ಹೆರೆಯಬೇಕು. ನನ್ನ ಅಂಗೈ ಚರ್ಮವೂ ಬಣ್ಣದ ಜೊತೆಗೇ ಎದ್ದುಬಂತು.

ಮೇಜಿಗೆ ಹಳೇ ಹಲಗೆಯೇ ಬೇಕು, ಹೊಸದಕ್ಕೆ ಆ ಮುಖ ಬರುವುದಿಲ್ಲ ಎಂದರು. ಹೊಸದುರ್ಗದ ಕಡೆ ಮಾಡದಕೆರೆಯಲ್ಲಿ ಒಬ್ಬರ ಹಳೇ ಮನೆಯ ಬಾಗಿಲು ನೋಡಿಬಂದೆ. ಬೇವಿನ ಹಲಗೆ, ಒಂದೊಂದೂ ಅಂಗೈ ಅಗಲದಷ್ಟು ದಪ್ಪ. ಇದನ್ನು ಯಾಕೆ ಕೇಳುತ್ತೀಯ ಎಂದು ಆ ಮನೆಯವನು ಅನುಮಾನದಿಂದ ನೋಡಿದ. ಬಾಗಿಲಲ್ಲಿ ನಿಧಿಯ ಗುರುತು ಏನಾದರೂ ಇದೆಯಾ ಎಂದು ಎರಡು ದಿನ ತಾನೇ ಹುಡುಕಿದನಂತೆ. ಆಮೇಲೆ ಹೊಸ ಬಾಗಿಲು ಮಾಡಿಕೊಟ್ಟರೆ ಹಳೇದು ಒಯ್ಯಿ ಎಂದ. ಹಾಗೆ, ಹೊಸ ಬಾಗಿಲು ಹೇರಿಕೊಂಡು ಹಳ್ಳಿಗೆ ಹೋಗಿ, ಹಳೇ ಬಾಗಿಲು ಹೇರಿಕೊಂಡು ಊರಿಗೆ ಬಂದೆ. ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಹಳೇ ಕಂಟ್ರಾಕ್ಟರರು ಎದುರಾದರು. ಗಾಡಿಯನ್ನೂ ನನ್ನನ್ನೂ ನೋಡಿ, ಏನೂ ಕೇಳದೆ, ಆರೋಗ್ಯ ಹೇಗಿದೆ ಎಂದಷ್ಟೇ ವಿಚಾರಿಸಿದರು.

ಕುರ್ಚಿಯ ಕಥೆ ಬೇರೆ. ಚೌಕಟ್ಟು ನಾನೇ ಮಾಡಿದೆ, ಕೂರುವ ಜಾಗಕ್ಕೆ ಹುಲ್ಲು ಹೆಣೆಯಬೇಕು. ಮೊದಲು ನೆಲ್ಲುಹುಲ್ಲಿನ ಹುರಿಯಲ್ಲಿ ಹೆಣೆದು ಒಣಗಲೆಂದು ಅಂಗಳದಲ್ಲಿಟ್ಟೆವು. ಪಕ್ಕದ ಮನೆಯ ಎಮ್ಮೆಗರು ಎರಡು ಕುರ್ಚಿ ತಿಂದಿತು. ಆಮೇಲೆ ಹೊಸದುರ್ಗದ ತೆಂಗಿನನಾರಿನ ಹಗ್ಗ. ಅದು ಗಟ್ಟಿಯೇನೋ ಹೌದು. ಆದರೆ ಸಾಹೇಬರು ಮೂರು ದಿನ ನಿಂತೇ ಊಟ ಮಾಡಿದರು. ಪ್ಯಾಂಟಿನ ಮೂಲಕ ಚುಚ್ಚುತ್ತದೆ ಎಂದು ಹೇಳಲು ಸಂಕೋಚಪಟ್ಟು, ಗಣಿಯಲ್ಲಿ ಕೂತು ಕೂತು ಸಾಕಾಗಿದೆ ಎನ್ನುತ್ತಿದ್ದರು. ಕಡೆಗೆ ಕೆರೆಯ ಜೊಂಡು ಹುಲ್ಲಿನಲ್ಲಿ ಚಾಪೆ ಹೆಣೆಯುವ ಹೆಂಗಸೊಬ್ಬಳನ್ನು ಕರೆಸಿದೆ. ಜೊಂಡನ್ನು ನೆನೆಸಿ, ಎರಡೆರಡು ಸೇರಿಸಿ ಹೊಸೆಯುತ್ತ ನಾಲ್ಕು ಮೂಲೆಯಿಂದ ನಡುವಿಗೆ ಹೆಣೆದಳು. ಆ ಹೆಣಿಗೆ ಅವಳಿಗೂ ಹೊಸದು, ನನಗೂ ಹೊಸದು. ಅಮ್ಮಾವರು ಮುದುಕಿಯ ಕೈ ನೋಡಿ ಕಲಿತದ್ದನ್ನು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬರೆದು ತೋರಿಸಿದರು. ಮೊದಲ ಕುರ್ಚಿ ತೊಟ್ಟಿಲಿನಂತಾಯಿತು. ಎರಡನೆಯದರಲ್ಲಿ ಕೂರಬಹುದಿತ್ತು.

ತೊಲೆಗೆ ಈರುಳ್ಳಿ ಜಡೆ, ಬೆಳ್ಳುಳ್ಳಿ ಗೊಂಚಲು, ಮುಸುಕಿನ ಜೋಳದ ತೆನೆ ಕಟ್ಟಿದ ದಿನ ಕೋಟೆಯ ಕೋತಿಗಳು ಕಿಟಕಿಯಿಂದ ಬಂದವು. ಜೋಳವನ್ನು ತಿಂದವು, ಈರುಳ್ಳಿಯನ್ನು ಸುಲಿದು ಹಾಕಿದವು. ಬೆಳ್ಳುಳ್ಳಿ ಕಚ್ಚಿದ ಒಂದು ಗಡವ ನನ್ನ ಮುಖ ನೋಡಿ, ಇದು ನಿನ್ನದೇ ಕೆಲಸ ಎಂಬಂತೆ ನನ್ನತ್ತಲೇ ಎಸೆಯಿತು. ಕಿಟಕಿಗಳಿಗೆ ಬಿದಿರಿನ ತಡಿಕೆ ಹೂಡಿ ಮತ್ತೆ ಎಲ್ಲ ಕಟ್ಟಿದೆವು. ಆ ದೇಶದಲ್ಲಿ ನೀಲಿ ಹೂವಿನ ಯಾವುದೋ ಪರಿಮಳದ ಗಿಡ ಒಣಗಿಸಿ ಕಟ್ಟುತ್ತಾರಂತೆ. ಇಲ್ಲಿ ಅದು ಎಲ್ಲಿ ತರುವುದು? ಸಂತೆಯಿಂದ ದವನ, ಮರುಗ ತಂದು ಕಂತೆ ಕಟ್ಟಿ ತಲೆಕೆಳಗಾಗಿ ತೂಗಿಬಿಟ್ಟೆವು. ಮನೆಯೆಲ್ಲ ಘಮಘಮ. ಅದನ್ನು ಕಿಟಕಿಯಿಂದ ಕಂಡ ನೆರೆಯವರಲ್ಲಿ ಅಮ್ಮಾವರು ಏನೋ ಮದ್ದು ಮಾಡುತ್ತಾರೆಂದು ಸುದ್ದಿ ಹಬ್ಬಿ, ಒಬ್ಬಾಕೆ ಗಂಡನ ಇಸ್ಪೀಟು ಚಟ ಬಿಡಿಸಲು ಒಂದು ಕಂತೆ ಕೇಳಿಕೊಂಡು ಹೋದಳು. ಗುಣವಾಯಿತೋ ಇಲ್ಲವೋ ತಿಳಿಯಲಿಲ್ಲ.

ನೆಲವನ್ನೂ ಅಗೆದು ಕಲ್ಲು ಚಪ್ಪಡಿ ಹಾಸಬೇಕು ಎಂದರು ಅಮ್ಮಾವರು. ಸಾಹುಕಾರರ ಕೆಂಪು ರೆಡಾಕ್ಸೈಡ್ ನೆಲ ಹೊಳೆಯುತ್ತಿತ್ತು. ಅದಕ್ಕೆ ಮಾತ್ರ ನನ್ನ ಕೈ ಏಳುವುದಿಲ್ಲ ಎಂದುಬಿಟ್ಟೆ. ಮೇಲೆ ಈಚಲ ಚಾಪೆ ಹಾಸಿದೆವು. ಒಂದು ಗೋಡೆಯ ಪಕ್ಕದ ಹಲಗೆ ಮಂಚಕ್ಕೆ ಕರಿ ಕಂಬಳಿ ಹೊದಿಸಿದೆವು.

ಮುಗಿದ ದಿನ ಅಮ್ಮಾವರು ಬರಿಗಾಲಲ್ಲಿ ಒಂದು ಸುತ್ತು ಬಂದು, ಕಲ್ಲುಗೋಡೆಗೆ ಅಂಗೈ ಒತ್ತಿ ನಿಂತರು. ಆಮೇಲೆ ಮೇಜಿನ ಮುಂದೆ ಕೂತು ಒಂದು ಮೊರ ಅವರೆಕಾಯಿ ಬಿಡಿಸಲು ಶುರುಮಾಡಿದರು. ನಾನು ಹತಾರ ಕಟ್ಟಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಸಂಜೆ ಬಿಸಿಲು ಆ ಕಲ್ಲಿನ ಮೇಲೆ ಬಿದ್ದಾಗ ನನಗೂ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಮಾರನೆಯ ಬೆಳಿಗ್ಗೆ ಸಾಹುಕಾರರು ಬಂದರು. ಹೆಂಡತಿಗೆ ಅಲ್ಲಿನ ನೀರು ಹಿಡಿಸದೆ ಯಾತ್ರೆ ಅರ್ಧಕ್ಕೇ ಮುಗಿದಿತ್ತು. ಕೈಯಲ್ಲಿ ಅಮ್ಮಾವರಿಗೆ ಕೊಡಲೆಂದು ತಂದ, ಗಂಗಾಜಲ ತುಂಬಿದ ಪುಟ್ಟ ತಾಮ್ರದ ತಾಲಿ. ಹೊಸ್ತಿಲು ದಾಟಿ ಗೋಡೆ ನೋಡಿದರು, ಕಂಬ ನೋಡಿದರು, ತಲೆಯೆತ್ತಿ ಈರುಳ್ಳಿ ನೋಡಿದರು.

"ಏನಪ್ಪ ಮೇಸ್ತ್ರಿ," ಅಂದರು ಬಹಳ ಮೆತ್ತಗೆ, "ಮನೆಗೆ ಬೆಂಕಿ ಬಿದ್ದಿತ್ತಾ?"

ಬಿದ್ದಿಲ್ಲ ಎಂದು ತಿಳಿದ ಮೇಲೆ ಅವರ ದನಿ ಏರಿತು. ಅಮ್ಮಾವರು ಎದ್ದು ನಿಂತು, ಮನೆ ನಿಮ್ಮದೇ ಅಂತ ತಿಳಿದುಕೊಳ್ಳಿ ಎಂದು ನೀವೇ ಹೇಳಿದಿರಲ್ಲ ಎಂದರು.

"ಅನ್ನಾದು ಅಂದ್ರೆ ಅದನ್ನ ಮಾಡೇಬಿಡಾದಾ ತಾಯಿ? ದಾರೀಲಿ ಸಿಕ್ಕೋರಿಗೆ ಊಟಕ್ಕೆ ಬರ್ರಿ ಅಂತೀವಿ, ಎಲ್ಲಾರೂ ಎಲೆ ಮುಂದೆ ಬಂದು ಕುಂತ್ಕಂತಾರಾ?"

ನಂತರ ಅವರು ಕುಸಿದು ಜೊಂಡಿನ ಕುರ್ಚಿಯಲ್ಲಿ ಕೂತರು. ಆಗ ನಿಜವಾದ ವಿಷಯ ಹೊರಬಿತ್ತು. ಅವರಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳನ್ನು ನೋಡಲು ಹೊಳಲ್ಕೆರೆಯ ಅಡಿಕೆ ವ್ಯಾಪಾರಿಗಳ ಮನೆಯವರು ಯಾತ್ರೆ ಮುಗಿದ ಮೇಲೆ ಬರುವುದೆಂದಿತ್ತು, ಇವರು ಬೇಗ ಹಿಂದಿರುಗುವ ಸುದ್ದಿ ತಿಳಿದು ಬರುವ ವಾರವೇ ಬರುತ್ತಿದ್ದರು. ಹುಡುಗ ಬ್ಯಾಂಕಿನಲ್ಲಿದ್ದ. ಗಿಣಿಹಸಿರು ಗೋಡೆ, ಹೊಳೆಯುವ ಕಂಬ, ಇಂಥ ಮನೆಯವರು ನಾವು ಎಂದು ನಡುವಿನವರ ಬಾಯಲ್ಲಿ ಹೇಳಿ ಕಳಿಸಿ ಆಗಿತ್ತು. ಅದನ್ನು ಕೇಳಿದ ಹುಡುಗನ ಕಡೆಯವರು ಸ್ಕೂಟರ್ ಎಂಬ ಮಾತನ್ನು ಗಾಳಿಗೆ ಬಿಟ್ಟಿದ್ದರು. ಸ್ಕೂಟರ್ ಬೇಕೆಂದರೆ ಆಗ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಆದರೂ ಸಾಹುಕಾರರು ತಲೆಯಾಡಿಸಿದ್ದರು.

"ಗೋಡೆ ಮೊದಲಿನಂಗೆ ಆಗಬೇಕು. ಏನಾರ ಮಾಡು. ಆಗಲಿಲ್ಲಾಂದ್ರೆ ಈ ದುರ್ಗದಾಗೆ ನಿನಗೆ ಯಾರೂ ಒಂದು ಮೊಳೆ ಹೊಡೆಯಾ ಕೆಲಸಾನೂ ಕೊಡಬಾರದು, ಹಂಗೆ ಮಾಡ್ತೀನಿ."

ಅವರು ಹಾಗೆ ಮಾಡಬಲ್ಲವರೇ. ಊರಲ್ಲಿ ಮನೆ ಕಟ್ಟುವವರೆಲ್ಲ ಒಂದಲ್ಲ ಒಂದು ಕಾರಣಕ್ಕೆ ಅವರ ಮಿಲ್ಲಿಗೆ ಹೋಗಿಬರುವವರು. ನಾನು ಅಂದೇ ಸಿಮೆಂಟಿಗೆ ಓಡಾಡಿದೆ. ಆಗ ಸಿಮೆಂಟ್ ಪರ್ಮಿಟ್ಟಿನ ಮೇಲೆ. ಅರ್ಜಿ ಕೊಟ್ಟವರು ಮಗುವಿಗೆ ನಾಮಕರಣ ಮಾಡಿ ಶಾಲೆಗೆ ಸೇರಿಸುವ ಹೊತ್ತಿಗೆ ಚೀಲ ಸಿಗುತ್ತಿತ್ತು. ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ. ಹೊಸ ಗಿಲಾವಿಗೆ ದಿನಗಟ್ಟಲೆ ನೀರು ಕುಡಿಸಬೇಕು, ಆಮೇಲೆ ಅದು ಒಣಗಬೇಕು. ಹಸಿ ಗಿಲಾವಿನ ಮೇಲೆ ಡಿಸ್ಟೆಂಪರ್ ಹೊಡೆದರೆ ಬೀಗರ ಕಣ್ಮುಂದೆಯೇ ಸಿಪ್ಪೆ ಏಳುತ್ತದೆ.

ಇದನ್ನು ಹೇಳಿದಾಗ ಸಾಹುಕಾರರು ಗೋಡೆಗೆ ಶಾಮಿಯಾನದ ಬಟ್ಟೆ ಕಟ್ಟು ಎಂದರು. ಕೆಂಪು ಬಿಳಿ ಪಟ್ಟೆಯ ಬಟ್ಟೆ ತಂದು ಒಂದು ಗೋಡೆಗೆ ಬಡಿದೆ. ಹೆಣ್ಣು ನೋಡುವ ಮನೆ ಹೋಗಿ ನಾಟಕ ಕಂಪನಿ ಕ್ಯಾಂಪು ಹಾಕಿದಂತಾಯಿತು. ಗಾಳಿ ಬಂದಾಗ ಗೋಡೆ ಉಸಿರಾಡಿದಂತೆ ಉಬ್ಬಿ ಇಳಿಯುತ್ತಿತ್ತು. ಸಾಹುಕಾರರೇ ನೋಡಿ ಬಿಚ್ಚು ಎಂದರು.

ಅಮ್ಮಾವರು ಈ ಓಡಾಟವನ್ನೆಲ್ಲ ನೋಡುತ್ತಿದ್ದರು. ನನ್ನನ್ನು ಕರೆದು, ನಿಮ್ಮ ಹೊಟ್ಟೆಮೇಲೆ ಹೊಡೆದ ಹಾಗಾಯಿತು, ಎಲ್ಲ ನಾನು ಮಾಡಿಸಿದ್ದು ಎಂದು ಸಾಹುಕಾರರಿಗೆ ಹೇಳುತ್ತೇನೆ, ಬೇಕಾದರೆ ಮನೆ ಖಾಲಿ ಮಾಡುತ್ತೇವೆ ಎಂದರು. ಹೇಳುವಾಗ ಕೈ ಮಾತ್ರ ಮೇಜಿನ ಹಲಗೆಯನ್ನು ಸವರುತ್ತಲೇ ಇತ್ತು. ಸಾಹೇಬರು ಆ ವಾರ ಗಣಿಯೊಳಗೆ ಇಳಿದವರು ಮೇಲೆ ಬಂದದ್ದು ಅಪರೂಪ.

ಆ ಮೇಜನ್ನೇ ನೋಡುತ್ತ ನಾನು ಒಂದು ತೀರ್ಮಾನಕ್ಕೆ ಬಂದೆ. ಮುಗಿದ ಕೆಲಸವನ್ನು ಮುಚ್ಚಲು ಆಗದಿದ್ದರೆ, ಅದು ಮುಗಿದೇ ಇಲ್ಲ ಎಂದು ತೋರಿಸಬಹುದಲ್ಲ? ಸಾಹುಕಾರರ ಮಿಲ್ಲಿಗೆ ಹೋಗಿ ಹೇಳಿದೆ: ಒಂದು ಕಲ್ಲನ್ನೂ ಮುಟ್ಟುವುದು ಬೇಡ. ಗೋಡೆಗೆ ಬೊಂಬಿನ ಸಾರುವೆ ಕಟ್ಟುತ್ತೇನೆ, ಕೆಳಗೆ ಸುಣ್ಣದ ಬಾನಿ ಇಡುತ್ತೇನೆ, ನಾನೇ ಕರಣೆ ಹಿಡಿದು ಮೇಲೆ ಕೂರುತ್ತೇನೆ. ಮನೆ ರಿಪೇರಿ ನಡೆಯುತ್ತಿದೆ ಎಂದರೆ ಯಾರು ಏನನ್ನುತ್ತಾರೆ? ಸಾಹುಕಾರರು ಹೂಂ ಎಂದರು. ಬೇರೆ ದಾರಿ ಅವರಿಗೂ ಹೊಳೆಯಲಿಲ್ಲ.

ಹಾಗೆ, ಮನೆ ಅಲಂಕಾರ ಮಾಡಿ ಮುಗಿಸಿದ ಮೇಲೆ ಅದಕ್ಕೆ ಸಾರುವೆ ಕಟ್ಟಿದವನು ನಾನೊಬ್ಬನೇ ಇರಬೇಕು.

ಬೀಗರು ಬಂದರು. ಹುಡುಗ, ಅವನ ತಂದೆ, ತಾಯಿ. ನಾನು ಮೇಲೆ ಒಂದೇ ಸಂದಿಗೆ ಕರಣೆಯಾಡಿಸುತ್ತ ಕೂತಿದ್ದೆ. ಅಲ್ಲಿಂದ ಎಲ್ಲರ ನಡುನೆತ್ತಿಯೂ ಚೆನ್ನಾಗಿ ಕಾಣುತ್ತಿತ್ತು. ಸಾಹುಕಾರರು ಕೈಮುಗಿದು, "ಬರ್ರಿ, ಕುಂತ್ಕಳ್ರಿ, ರಿಪೇರಿ ನಡದೈತೆ, ಏನೂ ತಿಳ್ಕಬ್ಯಾಡ್ರಿ," ಎಂದರು. ಹುಡುಗನ ತಂದೆ ಜೊಂಡಿನ ಕುರ್ಚಿಯನ್ನು ಕೈಯಿಂದ ಒತ್ತಿ ನೋಡಿ ಕೂತರು. ತಾಯಿ ಕಂಬಳಿಯ ಮೇಲೆ ಕೂತರು. ಇಬ್ಬರೂ ತಲೆಯೆತ್ತಿ ಪಡಸಾಲೆಯಲ್ಲಿ ತೂಗುವ ಈರುಳ್ಳಿ ಬೆಳ್ಳುಳ್ಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪ್ಪಿಟ್ಟು, ಕೇಸರಿಬಾತು ತಂದುಕೊಟ್ಟ ಅಮ್ಮಾವರನ್ನು ಸಾಹುಕಾರರು, ಇವರು ನಮ್ಮ ಮನೆಯಲ್ಲಿ ಬಾಡಿಗೆಗಿರುವವರು ಎಂದು ಪರಿಚಯಿಸಿದರು. ಬೀಗರು ಮತ್ತೊಮ್ಮೆ ಮುಖ ನೋಡಿಕೊಂಡರು.

ಹುಡುಗಿ ಬಂದು ನಮಸ್ಕಾರ ಮಾಡಿ ಕೂತಳು. ಹುಡುಗ ಉಪ್ಪಿಟ್ಟಿನ ತಟ್ಟೆ ನೋಡುತ್ತ ಒಂದೆರಡು ಪ್ರಶ್ನೆ ಕೇಳಿದ. ಅವಳು ಉತ್ತರ ಕೊಡುವಾಗ ಮೇಲಿನಿಂದ ನನ್ನ ಗಾರೆಯ ಚೂರೊಂದು ಅವನ ತಟ್ಟೆಗೆ ಬಿತ್ತು. ಅವಳು ನಕ್ಕಳು, ಅವನೂ ನಕ್ಕ. ಆ ಮದುವೆಗೆ ನನ್ನ ಕೊಡುಗೆ ಅಷ್ಟು.

ಹೆಂಗಸರು ಒಳಗೆ ಹೋದಾಗ ಹುಡುಗನ ತಂದೆ ಮೆಲ್ಲಗೆ ಸಾರುವೆಯ ಹತ್ತಿರ ಬಂದರು.

"ಯಾವಾಗಿಂದ ನಡದೈತಪ್ಪ ಕೆಲಸ?"

ತಿಂಗಳ ಮೇಲಾಯಿತು ಎಂದೆ.

"ಯಾವಾಗ ಮುಗಿತೈತೆ?"

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಮುಗಿದಂಗೇ ರೀ. ಇನ್ನೇನು ಮಾಡದಿಲ್ಲ. ಹಿಂಗೇ ಇರತೈತೆ," ಅಂದೆ.

ಅವರ ಮುಖದಲ್ಲಿ ಎಂಥ ಮರುಕ ಮೂಡಿತೆಂದರೆ, ನನಗೇ ಸಾಹುಕಾರರ ಮೇಲೆ ಅಯ್ಯೋ ಅನ್ನಿಸಿತು. ಹೋಗಿ ಕೂತವರು ಎರಡು ಸಲ ಗಂಟಲು ಸರಿಮಾಡಿಕೊಂಡರು. ಹೆಂಡತಿಯನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಸಾಹುಕಾರರ ಕೈಹಿಡಿದುಕೊಂಡು, ಹುಡುಗಿ ಒಪ್ಪಿಗೆ, ನಡುವಿನವರು ಸ್ಕೂಟರು ಗೀಟರು ಅಂತ ಏನೇನೋ ಹೇಳಿರಬಹುದು, ಅದನ್ನೆಲ್ಲ ಮರೆತುಬಿಡಿ, ಕಾಲ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ, ಮದುವೆ ಖರ್ಚಿನಲ್ಲೂ ಅರ್ಧ ನಮಗಿರಲಿ ಎಂದರು.

ಸಾಹುಕಾರರು ಕೈಮುಗಿದು ಅವರನ್ನು ಬಾಗಿಲವರೆಗೆ ಕಳಿಸಿಬಂದರು.

ಬೀಗರು ಬೀದಿಯ ತಿರುವು ದಾಟಿದ್ದೇ ತಡ, ಸಾಹುಕಾರರು ಕೆಂಡವಾದರು. ಎಣ್ಣೆ ಮಿಲ್ಲಿನ ಸಾಹುಕಾರನನ್ನು ದಿವಾಳಿ ಎದ್ದವನು ಎಂದುಕೊಂಡರಲ್ಲ! ಹೊಳಲ್ಕೆರೆ ಬಸ್ಸು ಹೊರಡುವುದರೊಳಗೆ ಹೋಗಿ ಹಿಡಿದು, ಕರೆತಂದು ಮಿಲ್ಲು ತೋರಿಸಿಯೇ ಕಳಿಸುತ್ತೇನೆ ಎಂದು ಎಕ್ಕಡ ಮೆಟ್ಟಿದರು. ಅಲ್ಲಿಯವರೆಗೆ ಒಂದು ಮಾತನ್ನೂ ಆಡದಿದ್ದ ಅವರ ಹೆಂಡತಿ ಬಾಗಿಲಿಗೆ ಅಡ್ಡ ಬಂದು ನಿಂತರು.

"ಸುಮ್ಕೆ ಕುಂತ್ಕಳ್ರಿ. ಅವರು ಸ್ಕೂಟರ್ ಬ್ಯಾಡ ಅಂದಿದ್ದು ನಿಮಗಲ್ಲ, ಈ ಗೋಡೆಗೆ. ಗೋಡೆ ಬಾಯಿ ಬಿಟ್ಟಿಲ್ಲ, ನೀವೂ ಬಿಡಬ್ಯಾಡ್ರಿ."

ಸಾಹುಕಾರರು ಕೂತರು. ಮಾನಕ್ಕೂ ಲಾಭಕ್ಕೂ ನಡುವೆ ಆ ಮುಖ ಅತ್ತಿತ್ತ ಓಲಾಡುವುದನ್ನು ನಾನು ಸಾರುವೆಯ ಮೇಲಿನಿಂದಲೇ ನೋಡಿದೆ. ಕಡೆಗೆ ಅವರು ನನ್ನತ್ತ ತಿರುಗಿ, ಇಳಿದು ಬಂದು ಉಪ್ಪಿಟ್ಟು ತಿನ್ನು ಎಂದರು. ಗೋಡೆಯ ಮಾತನ್ನು ಮತ್ತೆ ಎತ್ತಲಿಲ್ಲ. ಅಮ್ಮಾವರು ಸಾಹೇಬರಿಗೆ ವರ್ಗವಾಗುವವರೆಗೂ ಅದೇ ಮನೆಯಲ್ಲಿದ್ದರು. ಪಡಸಾಲೆಯ ಒಂದು ಫೋಟೋ ತೆಗೆಸಿ ಆ ಮುದುಕಿಗೆ ಕಳಿಸಿದರೆಂದು ಆಮೇಲೆ ಕೇಳಿದೆ.

ಮದುವೆ ಆಯಿತು. ಸೊಸೆಯ ಬಾಯಿಂದ ನಿಜ ಸಂಗತಿ ಹೊಳಲ್ಕೆರೆಗೆ ತಲುಪಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಹುಡುಗನ ತಂದೆ ನನ್ನ ಮಳಿಗೆಯ ಮುಂದೆ ಬಂದು ನಿಂತಾಗ, ಜಗಳಕ್ಕೇ ಬಂದರು ಎಂದುಕೊಂಡು ನಾನು ಉಳಿಯನ್ನು ಕೆಳಗಿಟ್ಟೆ. ಅವರು ಬೀದಿಯ ಎರಡೂ ಕಡೆ ನೋಡಿ, ಸ್ಟೂಲು ಎಳೆದುಕೊಂಡು ಹತ್ತಿರ ಕೂತರು.

ಆ ದಿನ ನೋಡಿದ್ದು ಫ್ರಾನ್ಸಿನ ಮಾದರಿಯಂತೆ, ಹೌದೇನಪ್ಪ ಎಂದರು. ಹೌದೆಂದೆ. ತಮಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ದೊಡ್ಡವಳಿಗೆ ಗಂಡು ಹುಡುಕುತ್ತಿದ್ದೇವೆ, ಬರುವವರು ಬಾಗಿಲಲ್ಲಿ ನಿಂತೇ ಮನೆಯನ್ನು ಅಳೆಯುತ್ತಾರೆ ಎಂದರು. ಮುಂದಿನ ಪಡಸಾಲೆ ಒಂದನ್ನು ಹಾಗೇ ಮಾಡಿಕೊಡಬೇಕಂತೆ.

ಅವರ ಮನೆಯನ್ನು ಮದುವೆಯಲ್ಲಿ ನೋಡಿದ್ದೆ. ನಿಮ್ಮದು ಹೊಸ ಇಟ್ಟಿಗೆ ಗೋಡೆ, ಕೆತ್ತಿದರೆ ಒಳಗೆ ಕಲ್ಲು ಸಿಗುವುದಿಲ್ಲ, ತೊಲೆಯೂ ಇಲ್ಲ ಎಂದು ಹೇಳಿದೆ.

"ಒಳಗಿಲ್ಲಾಂದ್ರೆ ಹೊರಗಿಂದ ತಂದು ಮೆತ್ತು. ಕಲ್ಲು ಇಲ್ಲಿಂದಲೇ ಲಾರೀಲಿ ಹೋಗಲಿ, ತೊಲೆ ಎಲ್ಲಾರ ಹುಡುಕಾಣ," ಎಂದು ಅವರು ಇನ್ನೂ ಹತ್ತಿರ ಬಗ್ಗಿದರು. "ಖರ್ಚು ಎಷ್ಟಾರ ಆಗಲಿ ಮೇಸ್ತ್ರಿ. ಬಡತನ ಮಾತ್ರ ಚೆನ್ನಾಗಿ ಕಾಣಬೇಕು."